ಎಂಟು ದೀಪವೂ ಹತ್ತಿತು, ಆದರೂ ನೆಟ್ ಸ್ಥಿರವಾಗಿ ನಿಲ್ಲಲಿಲ್ಲ

ಸ್ಪೀಡ್ ಟೆಸ್ಟ್ ಮಾಡಿದಾಗಲೆಲ್ಲ 94. ಬೆಳಿಗ್ಗೆ ಆರಕ್ಕೆ ನೋಡಿದರೂ 94, ರಾತ್ರಿ ಹತ್ತಕ್ಕೆ ನೋಡಿದರೂ 94. ನಾವು ದುಡ್ಡು ಕಟ್ಟುತ್ತಿದ್ದದ್ದು 300 ಎಂಬಿಪಿಎಸ್ ಪ್ಲಾನಿಗೆ. ಕೆಳಗೆ ಹಾಲ್‌ನಲ್ಲಿ ರೌಟರ್ ಪಕ್ಕ ನಿಂತು ಫೋನಿನಲ್ಲಿ ನೋಡಿದರೆ 280 ದಾಟುತ್ತಿತ್ತು. ಮೇಲೆ ನನ್ನ ಕೋಣೆಯಲ್ಲಿ, ಅದೂ ವೈ-ಫೈ ಅಲ್ಲ, ವೈರ್ ಚುಚ್ಚಿದ ಲ್ಯಾಪ್‌ಟಾಪಿನಲ್ಲಿ, ಒಂದಂಕಿ ಹೆಚ್ಚಿಲ್ಲ, ಒಂದಂಕಿ ಕಮ್ಮಿ ಇಲ್ಲ.

ನಮ್ಮದು ರಾಮಮೂರ್ತಿನಗರದಲ್ಲಿ ಮೂವತ್ತು-ನಲವತ್ತರ ಸೈಟಿನ ಮನೆ. ಮಾವ ಟೆಲಿಫೋನ್ ತಯಾರಿಸುವ ಐಟಿಐ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾಗ, 1994ರಲ್ಲಿ, ಸಾಲ ಮಾಡಿ ಕಟ್ಟಿಸಿದ್ದು. ಕೆಳಗೆ ಅತ್ತೆ-ಮಾವ. ಮೊದಲ ಮಹಡಿಯಲ್ಲಿ ನಾವು. ಅದರ ಮೇಲೆ ತಾರಸಿಗೆ ಹೊಂದಿಕೊಂಡ ಹಾಗೆ ಒಂದು ಕೋಣೆ. ಅದೇ ನನ್ನ ಆಫೀಸು. ನಾನು ಒಂದು ಕಂಪನಿಯ ಲೆಕ್ಕಪತ್ರ ನೋಡುತ್ತೇನೆ, ವಾರದಲ್ಲಿ ನಾಲ್ಕು ದಿನ ಮನೆಯಿಂದಲೇ ಕೆಲಸ. ಫೈಬರ್ ಕನೆಕ್ಷನ್ ಬಂದಾಗ ರೌಟರನ್ನು ಕೆಳಗಿನ ಹಾಲ್‌ನಲ್ಲಿ ಟಿವಿ ಪಕ್ಕ ಕೂರಿಸಿದರು. ಎರಡು ಮೋಲ್ಡ್ ದಾಟಿ ವೈ-ಫೈ ನನ್ನ ಕೋಣೆಗೆ ಬರುವ ಹೊತ್ತಿಗೆ ಒಂದು ಕಡ್ಡಿ ಮಾತ್ರ ಉಳಿಯುತ್ತಿತ್ತು. ಅದಕ್ಕೇ ಎರಡು ವರ್ಷದ ಹಿಂದೆ ಒಬ್ಬ ಹುಡುಗನನ್ನು ಕರೆಸಿ ಕೇಬಲ್ ಎಳೆಸಿದೆವು. ಅದೇ ದಿನ ತಾರಸಿಯಲ್ಲಿ ಒಂದು ಕ್ಯಾಮೆರಾ ಕೂಡ ಹಾಕಿಸಿದೆವು. ಅರ್ಧ ದಿನದಲ್ಲಿ ಎರಡೂ ಕೆಲಸ ಮುಗಿಯಿತು. ಎಲ್ಲರಿಗೂ ಖುಷಿ.

ನನ್ನ ಕೆಲಸಕ್ಕೆ 94 ಸಾಕು. ಆದರೆ ಮಳೆ ಬಂದ ದಿನ ಮೀಟಿಂಗ್ ಮಧ್ಯೆ ಪಟ್ಟನೆ ಕಟ್ ಆಗುತ್ತಿತ್ತು. ಎರಡು ನಿಮಿಷಕ್ಕೆ ತಾನೇ ಬರುತ್ತಿತ್ತು. ಮಾರ್ಚ್ ಕೊನೆಯ ವಾರ ಲೆಕ್ಕದವರಿಗೆ ಎಂಥ ವಾರ ಅಂತ ಗೊತ್ತಲ್ವಾ. ಈ ವರ್ಷ ಆ ವಾರದಲ್ಲೇ ಮಳೆ ಬಂತು, ಒಂದೇ ದಿನ ಆರು ಸಲ ಕಟ್ ಆಯಿತು. ಏಪ್ರಿಲ್‌ನಲ್ಲಿ ಇದಕ್ಕೆ ಒಂದು ಗತಿ ಕಾಣಿಸಲೇಬೇಕು ಅಂತ ಅಂದೇ ತೀರ್ಮಾನ ಮಾಡಿದೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ರೌಟರ್ ಆಫ್ ಮಾಡಿ ಆನ್ ಮಾಡಿ ಅಂದರು, ಮಾಡಿದೆ. ಮೂರನೇ ದಿನ ಲೈನ್‌ಮ್ಯಾನ್ ಬಂದರು. ಒಳ್ಳೆಯ ಮನುಷ್ಯ, ಕೆಲಸ ಗೊತ್ತಿದ್ದವರು. ಹಸಿರು ತಲೆಯ ಫೈಬರ್ ಕನೆಕ್ಟರ್ ಬಿಚ್ಚಿ ಅಂಗೈಯಗಲದ ಒಂದು ಮೀಟರಿಗೆ ಚುಚ್ಚಿದರು. ಮೈನಸ್ 19 ಅಂತ ತೋರಿಸಿತು. "ಮೈನಸ್ 27ರವರೆಗೂ ನಡೆಯುತ್ತೆ ಮೇಡಂ, ನಿಮ್ಮದು ತುಂಬಾ ಚೆನ್ನಾಗಿದೆ" ಅಂದರು. ಈ ಲೆಕ್ಕ ಆಮೇಲೆ ಕೇಳಿ ತಿಳಿದುಕೊಂಡೆ. ಅದು ಫೈಬರ್ ಒಳಗೆ ಬರುವ ಬೆಳಕಿನ ಅಳತೆ, ಡಿಬಿಎಂ ಲೆಕ್ಕದಲ್ಲಿ. ಮೂರು ಅಂಕಿ ಕೆಳಗೆ ಹೋದರೆ ಬೆಳಕು ಅರ್ಧ ಆಯಿತು ಅಂತ ಅರ್ಥ. ಮೈನಸ್ 19 ಇದ್ದದ್ದು 22 ಆದರೆ ಅರ್ಧ, 25 ಆದರೆ ಕಾಲು ಭಾಗ. ಫೈಬರನ್ನು ಬಾಗಿಲ ಸಂದಿಯಲ್ಲಿ ಮಡಚಿದರೆ, ಕನೆಕ್ಟರ್ ತುದಿಗೆ ಧೂಳು ಕೂತರೆ ಈ ಅಂಕಿ ಬೀಳುತ್ತದೆ. ಪೂರ್ತಿ ಹೋದರೆ ಡಬ್ಬಿಯ ಮೇಲೆ ಎಲ್‌ಓಎಸ್ ಅನ್ನುವ ಕೆಂಪು ದೀಪ ಹತ್ತುತ್ತದೆ. ನಮ್ಮದರಲ್ಲಿ ಅದು ಹತ್ತಿದ್ದೇ ಇಲ್ಲ. ಹೋಗುವಾಗ ಅವರು ಹೇಳಿದ ಮಾತು: "ಹೊರಗಿಂದ ಬರೋದು ಸರಿ ಇದೆ. ನಿಮ್ಮ ಒಳಗಿನ ವೈರಿಂಗ್ ಒಂದ್ಸಲ ನೋಡ್ಸಿ."

ಅವತ್ತು ಸಂಜೆ ಲ್ಯಾಪ್‌ಟಾಪ್ ಎತ್ತಿಕೊಂಡು ಕೆಳಗೆ ಬಂದೆ. ರೌಟರ್ ಜೊತೆ ಡಬ್ಬದಲ್ಲಿ ಬಂದಿದ್ದ ಚಿಕ್ಕ ಪ್ಯಾಚ್ ಕಾರ್ಡ್, ಅಂದರೆ ಎರಡೂ ತುದಿಗೆ ಪ್ಲಗ್ ಇರುವ ರೆಡಿಮೇಡ್ ವೈರ್, ಹುಡುಕಿ ನೇರವಾಗಿ ರೌಟರಿಗೆ ಚುಚ್ಚಿದೆ. 291 ಬಂತು. ಸೆಟ್ಟಿಂಗ್ಸ್‌ನಲ್ಲಿ ಈಥರ್ನೆಟ್ ತೆರೆದು ಲಿಂಕ್ ಸ್ಪೀಡ್, ಅಂದರೆ ವೈರಿನ ಎರಡು ಕಡೆಯ ಯಂತ್ರಗಳು ಒಪ್ಪಿಕೊಂಡ ವೇಗ, ನೋಡಿದೆ, 1000 ಅಂತಿತ್ತು. ಅದೇ ಲ್ಯಾಪ್‌ಟಾಪನ್ನು ಮೇಲೆ ಒಯ್ದು ಗೋಡೆಯ ಕೇಬಲ್ಲಿಗೆ ಚುಚ್ಚಿದರೆ 100. ಹಾಗಾದರೆ ಲ್ಯಾಪ್‌ಟಾಪ್ ಸರಿ, ರೌಟರ್ ಸರಿ, ಫೈಬರ್ ಸರಿ. ಉಳಿದದ್ದು ಗೋಡೆಯ ಮೇಲೆ ಹೋಗಿರುವ ಆ ಕೇಬಲ್ ಮಾತ್ರ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡುವುದು ಲೆಕ್ಕ ತಾಳೆ ನೋಡುವವರಿಗೆ ಹೊಸದೇನಲ್ಲ. ಆದರೆ ಎರಡು ವರ್ಷ ಅದನ್ನು ಇಲ್ಲಿ ಮಾಡಿ ನೋಡಬೇಕು ಅಂತ ನನಗೆ ಹೊಳೆದಿರಲಿಲ್ಲ.

94ರ ಲೆಕ್ಕವೂ ಆಗ ಬಿಡಿಸಿಕೊಂಡಿತು. ಲಿಂಕ್ 100ರಲ್ಲಿ ಕೂತಿದ್ದರೆ ಅದರಲ್ಲಿ ಐದಾರು ಭಾಗ ವಿಳಾಸ, ತಪ್ಪು ಹಿಡಿಯುವ ಅಂಕಿ, ಎರಡು ಡೇಟಾ ಕಂತೆಗಳ ನಡುವಿನ ಬಿಡುವು ಇಂಥದಕ್ಕೇ ಹೋಗುತ್ತದೆ. ನಮ್ಮ ಕೈಗೆ ಸಿಗುವುದು 94-95. ಹಾಗಾಗಿ ಯಾರ ಮನೆಯಲ್ಲಾದರೂ ದೊಡ್ಡ ಪ್ಲಾನ್ ಇದ್ದು ವೈರಿನಲ್ಲಿ 94ಕ್ಕೇ ನಿಂತಿದೆ ಅಂದರೆ, ನೆಟ್ ಕೊಡುವವರನ್ನು ಬೈಯುವ ಮುಂಚೆ ಲಿಂಕ್ ಸ್ಪೀಡ್ ನೋಡಿ. ಕೆಲವು ಅಗ್ಗದ ರೌಟರುಗಳ ವೈರ್ ಪೋರ್ಟೇ 100ರದ್ದಾಗಿರುತ್ತದೆ, ಡಬ್ಬದ ಮೇಲೆ ವೈ-ಫೈ 300 ಅಂತ ಎಷ್ಟೇ ದೊಡ್ಡದಾಗಿ ಬರೆದಿದ್ದರೂ. ನಮ್ಮ ರೌಟರ್ ಹಾಗಿರಲಿಲ್ಲ.

ಭಾನುವಾರ ಟಿವಿ ಹಿಂದಿನ ಕೇಸಿಂಗ್ ಪಟ್ಟಿಯ ಮುಚ್ಚಳ ತೆಗೆದೆ. ಒಂದೇ ಬೂದು ಕೇಬಲ್ ಮೇಲಿಂದ ಇಳಿದು ಬಂದು, ತುದಿಯಲ್ಲಿ ಎರಡಾಗಿ ಸೀಳಿ, ಎರಡು ಪ್ಲಗ್ಗುಗಳಾಗಿ ರೌಟರಿನ ಎರಡು ಪೋರ್ಟಿಗೆ ಹೋಗಿತ್ತು. ಇದನ್ನು ಧೂಳು ಒರೆಸುವಾಗಲೆಲ್ಲ ನೋಡಿದ್ದೆ. ಅದರ ಅರ್ಥ ತಿಳಿದಿರಲಿಲ್ಲ. ಒಂದು ಕೇಬಲ್ಲಿನಲ್ಲಿ ಎಂಟು ಎಳೆ ಇರುತ್ತವೆ. ಆ ಹುಡುಗ ನಾಲ್ಕು ಎಳೆ ನನ್ನ ಲ್ಯಾಪ್‌ಟಾಪಿಗೆ, ನಾಲ್ಕು ಎಳೆ ಕ್ಯಾಮೆರಾಕ್ಕೆ ಹಂಚಿದ್ದ. 100 ಎಂಬಿಪಿಎಸ್‌ಗೆ 1, 2, 3, 6ನೇ ಪಿನ್ನುಗಳ ನಾಲ್ಕೇ ಎಳೆ ಸಾಕು. 1000ಕ್ಕೆ ಎಂಟೂ ಬೇಕು. ನಾಲ್ಕೇ ಸಿಕ್ಕರೆ ಎರಡು ಕಡೆಯ ಯಂತ್ರಗಳೂ ಮಾತಾಡಿಕೊಂಡು 100ಕ್ಕೆ ಇಳಿಯುತ್ತವೆ. ಮೇಲೆ ನನ್ನ ಕೋಣೆಯ ಕಿಟಕಿಯ ಸಜ್ಜಾ ಕೆಳಗೆ ಇನ್ನೊಂದು ತುದಿ ಸೀಳಿತ್ತು. ಅಲ್ಲಿ ಎಳೆಗಳನ್ನು ಕೈಯಲ್ಲಿ ತಿರುಚಿ, ಕಪ್ಪು ಟೇಪ್ ಸುತ್ತಿ ಬಿಟ್ಟಿದ್ದ. ಟೇಪ್ ಬಿಚ್ಚಿದೆ. ಒಳಗೆ ಹಸಿರು ಕಿಲುಬು ಹಿಡಿದಿತ್ತು. ಮಳೆ ಬಂದಾಗ ಕಟ್ ಆಗುತ್ತಿದ್ದದ್ದು ಇಲ್ಲಿ.

ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ. ಅವತ್ತು ನಮ್ಮ ಪ್ಲಾನ್ 50ರದ್ದು, ಅದಕ್ಕೆ ಅವನು ಮಾಡಿದ್ದು ಸಾಕಾಗುತ್ತಿತ್ತು. ಆದರೆ ಒಂದು ಮಾತು ಹೇಳಬಹುದಿತ್ತು. ಹೇಳಿದ್ದರೆ ಇನ್ನೊಂದು ಕೇಬಲ್ಲಿನ ದುಡ್ಡು ಕೊಡುತ್ತಿದ್ದೆವು.

ಈ ಸಲ ನಾನೇ ಮಾಡುತ್ತೇನೆ ಅಂದೆ. ಮನೆಯವರು "ಸುಮ್ನೆ ಯಾರನ್ನಾದರೂ ಕರೆಸೋಣ" ಅಂದರು. ಮಾವ ಮಾತ್ರ ಪೇಪರ್ ಕೆಳಗಿಟ್ಟು, "ಮಾಡಲಿ ಬಿಡೋ. ಟೆಲಿಫೋನ್ ಪೈಪ್ ಖಾಲಿ ಬಿದ್ದಿದೆಯಲ್ಲ, ಅದರಲ್ಲೇ ಎಳೀಬಹುದು" ಅಂದರು. ಮನೆ ಕಟ್ಟಿಸುವಾಗ ಅವರು ಹಾಲ್‌ನಿಂದ ಮೇಲಿನ ಕೋಣೆವರೆಗೆ ಫೋನಿಗೆ ಅಂತ ಗೋಡೆಯೊಳಗೆ ಬೇರೆಯೇ ಪೈಪ್ ಹಾಕಿಸಿದ್ದರು. ಲ್ಯಾಂಡ್‌ಲೈನ್ ತೆಗೆಸಿ ಹತ್ತು ವರ್ಷ ಆಗಿತ್ತು, ಹಳೆಯ ವೈರ್ ಒಳಗೇ ಇತ್ತು. ಇದು ದೊಡ್ಡ ಅನುಕೂಲ. ಕರೆಂಟ್ ವೈರ್ ಇರುವ ಪೈಪಿನಲ್ಲಿ ನೆಟ್ ಕೇಬಲ್ ತೂರಿಸುವವರು ಬೇಕಾದಷ್ಟು ಜನ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. 230 ವೋಲ್ಟಿನ ವೈರಿನ ತೊಗಲು ಒಳಗೆ ಎಲ್ಲೋ ಸುಲಿದರೆ ಆ ಕರೆಂಟು ನಿಮ್ಮ ಲ್ಯಾಪ್‌ಟಾಪ್ ತನಕ ಬರಬಹುದು. ಬೇರೆ ದಾರಿಯೇ ಇಲ್ಲದಿದ್ದರೆ ಗೋಡೆಯ ಮೇಲೆ ಕೇಸಿಂಗ್ ಹಾಕಿಸಿ. ನೋಡಲು ಅಷ್ಟು ಚೆನ್ನಾಗಿರಲ್ಲ, ಆದರೆ ಜೀವಕ್ಕೆ ಭಯ ಇಲ್ಲ.

ಶನಿವಾರ ಬೆನ್ನಿಗಾನಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದು ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರೋಡಿಗೆ ನಡೆದೆ. ಆ ರಸ್ತೆಗೆ ಕಾಲೇಜು ದಿನಗಳಲ್ಲಿ ಒಂದು ಸಲ ಬಂದಿದ್ದೆ. ತಳ್ಳುಗಾಡಿ, ಸ್ಕೂಟರ್, ತಲೆ ಮೇಲೆ ಮಾನಿಟರ್ ಡಬ್ಬ ಹೊತ್ತವರು, ಮೆಟ್ಟಿಲ ಕೆಳಗೂ ಒಂದು ಅಂಗಡಿ. ಮೊದಲ ಅಂಗಡಿಯಲ್ಲಿ ಕ್ಯಾಟ್-6 ದರ್ಜೆಯ ನೆಟ್ ಕೇಬಲ್ ಮೀಟರಿಗೆ 12 ರೂಪಾಯಿ ಅಂದರು. ಎರಡನೆಯದರಲ್ಲಿ 28. ಇಷ್ಟು ವ್ಯತ್ಯಾಸ ಯಾಕೆ ಅಂತ ಎರಡನೇ ಅಂಗಡಿಯವರನ್ನೇ ಕೇಳಿದೆ. ವಯಸ್ಸಾದವರು, ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಕೂತ್ಕೊಳ್ಳಿ ಮೇಡಂ, ತೋರಿಸ್ತೀನಿ" ಅಂದರು.

ಎರಡು ತುಂಡು ಕೇಬಲ್ ತೆಗೆದು ಮುಂದಿಟ್ಟರು. ಹೊರಗಿಂದ ಒಂದೇ ತರಹ. ಒಳಗಿನ ಎಳೆಗಳೂ ಒಂದೇ ತರಹ, ಕೆಂಪಗೆ ತಾಮ್ರದ ಬಣ್ಣ. ಆಮೇಲೆ ಬ್ಲೇಡ್ ತೆಗೆದುಕೊಂಡು ಒಂದರ ಎಳೆಯನ್ನು ನಿಧಾನಕ್ಕೆ ಹೆರೆದರು. ತಾಮ್ರದ ಬಣ್ಣ ಸಿಪ್ಪೆಯ ಹಾಗೆ ಎದ್ದು, ಒಳಗೆ ಬೆಳ್ಳಗೆ ಹೊಳೆಯಿತು. ಅಲ್ಯುಮಿನಿಯಂ. ಅದರ ಮೇಲೆ ತಾಮ್ರದ ತೆಳು ಪದರ ಅಷ್ಟೇ. ಇನ್ನೊಂದನ್ನು ಹೆರೆದರೆ ಒಳಗೂ ಅದೇ ಕೆಂಪು. "ಇದಕ್ಕೆ ಸಿಸಿಎ ಅಂತಾರೆ. ಡಬ್ಬದ ಮೂಲೇಲಿ ಚಿಕ್ಕದಾಗಿ ಬರೆದಿರ್ತಾರೆ, ಇಲ್ಲಾಂದ್ರೆ ಬರೆದೇ ಇರಲ್ಲ" ಅಂದರು. ಬಿಳಿ ಎಳೆಯನ್ನು ಬೆರಳಲ್ಲಿ ಆ ಕಡೆ ಈ ಕಡೆ ಮಡಚಿದರು, ಕೆಲವೇ ಸಲಕ್ಕೆ ಪಟಕ್ಕನೆ ಮುರಿಯಿತು. ತಾಮ್ರದ್ದು ಬಾಗಿತು, ಮುರಿಯಲಿಲ್ಲ.

ಅಲ್ಯುಮಿನಿಯಂ ಎಳೆ ಕರೆಂಟಿಗೆ ತಾಮ್ರಕ್ಕಿಂತ ಜಾಸ್ತಿ ತಡೆ ಒಡ್ಡುತ್ತದೆ. ಕೇಬಲ್ಲಿನಲ್ಲೇ ಕರೆಂಟು ಕಳಿಸಿ ಕ್ಯಾಮೆರಾ ಓಡಿಸುವ ಕಡೆ ಅದು ಬಿಸಿಯಾಗುತ್ತದೆ, ದೂರದ ಕ್ಯಾಮೆರಾಕ್ಕೆ ಸಾಕಷ್ಟು ಕರೆಂಟು ಮುಟ್ಟುವುದಿಲ್ಲ. ಕ್ಯಾಟ್-5ಇ ಆಗಲಿ ಕ್ಯಾಟ್-6 ಆಗಲಿ, ನಿಯಮದ ಪ್ರಕಾರ ಎಳೆ ಪೂರ್ತಿ ತಾಮ್ರದ್ದೇ ಆಗಿರಬೇಕು. ಅಂಗಡಿಯಲ್ಲಿ ಬ್ಲೇಡ್ ಕೇಳಲು ಸಂಕೋಚ ಆದರೆ ತೂಕ ನೋಡಿ. ತಾಮ್ರ ಅಲ್ಯುಮಿನಿಯಂಗಿಂತ ಮೂರು ಪಟ್ಟಿಗೂ ಜಾಸ್ತಿ ಭಾರ, ಒಂದೇ ಉದ್ದದ ಎರಡು ಸುರುಳಿ ಎರಡು ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ನಾನು 40 ಮೀಟರ್ ತಾಮ್ರದ್ದು ಅಳೆಸಿಕೊಂಡೆ. ಕೇಬಲ್ ತುದಿಗೆ ಪ್ಲಗ್ ಒತ್ತಿ ಕೂರಿಸುವ ಒಂದು ಕ್ರಿಂಪಿಂಗ್ ಟೂಲ್, ಹತ್ತು ಪ್ಲಗ್, ಎಳೆಗಳು ಮುಟ್ಟಿವೆಯಾ ಅಂತ ದೀಪದಲ್ಲಿ ತೋರಿಸುವ ಒಂದು ಕೇಬಲ್ ಟೆಸ್ಟರ್. ಗೋಡೆಗೆ ಕೂರಿಸುವ ಜ್ಯಾಕ್ ಕೂಡ ತಗೊಳ್ಳಿ, ಗೋಡೆ ಕೇಬಲ್ಲಿಗೆ ಪ್ಲಗ್ ಹಾಕೋದು ಒಳ್ಳೇದಲ್ಲ ಅಂತ ಅವರು ಹೇಳಿದರು. ಎರಡು ಜ್ಯಾಕ್ ತೆಗೆದುಕೊಂಡು ಚೀಲಕ್ಕೆ ಹಾಕಿದೆ. ಯಾಕೆ ಅಂತ ಕೇಳಲಿಲ್ಲ. ಕೇಳಿದ್ದರೆ ಒಂದು ವಾರ ಉಳಿಯುತ್ತಿತ್ತು.

ಕೇಬಲ್ ಎಳೆದದ್ದು ಭಾನುವಾರ. ಹಳೆಯ ಫೋನ್ ವೈರಿನ ಕೆಳತುದಿಗೆ ಹೊಸ ಕೇಬಲ್ಲಿನ ತುದಿ ಕಟ್ಟಬೇಕು, ಮೇಲಿಂದ ವೈರ್ ಎಳೆಯುತ್ತಾ ಹೋದರೆ ಕೇಬಲ್ ಹಿಂದೆಯೇ ಬರುತ್ತದೆ. ಮಾವ ಗಂಟು ಹಾಕುವುದನ್ನು ತೋರಿಸಿದರು. ಕೇಬಲ್ಲಿನ ಹೊರತೊಗಲು ಒಂದು ಗೇಣು ಸುಲಿದು, ಎಳೆಗಳನ್ನು ಫೋನ್ ವೈರಿಗೆ ಸುತ್ತಿ, ಮೇಲೆ ಟೇಪನ್ನು ಕ್ಯಾರೆಟ್ ಮೂತಿಯ ಹಾಗೆ ಚೂಪಾಗಿ ಸುತ್ತಬೇಕು. ಮೊಂಡಾಗಿದ್ದರೆ ಪೈಪಿನ ಬೆಂಡಿನಲ್ಲಿ ಸಿಕ್ಕಿಬೀಳುತ್ತದೆ. ಕೇಬಲ್ಲಿಗೆ ಮುಖಕ್ಕೆ ಹಚ್ಚುವ ಪೌಡರ್ ಸವರಿದೆವು, ಸರಾಗವಾಗಿ ಜಾರಲಿ ಅಂತ. ಎಣ್ಣೆ ಹಚ್ಚಬಾರದು, ತೊಗಲು ಹಾಳಾಗುತ್ತದೆ.

ಮಾವ ಕೆಳಗೆ ಸ್ಟೂಲ್ ಮೇಲೆ ಕೂತು ಕೇಬಲ್ ಬಿಡುತ್ತಿದ್ದರು. ನಾನು ಮೇಲೆ. ಮಧ್ಯದ ಮಹಡಿಯಲ್ಲಿ ಮಗ ನಿಂತು ನಮ್ಮಿಬ್ಬರ ಮಾತು ದಾಟಿಸುತ್ತಿದ್ದ. "ಬಿಡಿ ಮಾವ." "ಬಿಟ್ಟಿದ್ದೀನಮ್ಮ, ಎಳಿ." ಹದಿನೈದು ಮೀಟರ್ ಸಲೀಸಾಗಿ ಬಂತು. ಆಮೇಲೆ ನಿಂತಿತು. ಜೋರಾಗಿ ಎಳೆಯಲು ಹೊರಟೆ. ಕೆಳಗಿಂದ ಕೂಗಿದರು: "ಜಗ್ಗಬೇಡ! ಹಿಂದಕ್ಕೆ ಒಂದು ಅಡಿ ಬಿಡು, ತಿರುಗಿ ಎಳಿ." ಹಾಗೇ ಮಾಡಿದೆ, ಬೆಂಡು ದಾಟಿತು. ಈ ಕೇಬಲ್ಲಿಗೆ ಎಳೆತದ ಮಿತಿ 110 ನ್ಯೂಟನ್, ಅಂದರೆ ಹನ್ನೊಂದು ಕೇಜಿ ತೂಗುವ ಚೀಲದಷ್ಟು. ಅದಕ್ಕಿಂತ ಜಾಸ್ತಿ ಜಗ್ಗಿದರೆ ಹೊರಗೆ ಏನೂ ಕಾಣಿಸದೆ ಒಳಗಿನ ಎಳೆಗಳ ಹುರಿ ಎಳೆದುಕೊಂಡು ಹೋಗುತ್ತದೆ. ಮಾವನಿಗೆ ನ್ಯೂಟನ್ ಲೆಕ್ಕ ಬೇಕಿರಲಿಲ್ಲ, ಕೈಗೆ ಗೊತ್ತಿತ್ತು.

ಮಧ್ಯಾಹ್ನ ಊಟ ಆದ ಮೇಲೆ ಎರಡು ತುದಿಗೂ ಪ್ಲಗ್ ಹಾಕಿದೆ. ತೊಗಲು ಸುಲಿದರೆ ನಾಲ್ಕು ಜೋಡಿ ಎಳೆ. ಕಿತ್ತಳೆ, ಹಸಿರು, ನೀಲಿ, ಕಂದು. ಪ್ರತಿಯೊಂದರ ಜೊತೆಗೆ ಅದೇ ಬಣ್ಣದ ಗೀಟು ಇರುವ ಒಂದು ಬಿಳಿ. ಎರಡೂ ಕಡೆ ಒಂದೇ ಕ್ರಮ ಇದ್ದರೆ ಸಾಕು ಅಂತ ಎಲ್ಲೋ ಕೇಳಿದ್ದೆ. ಹಾಗಾಗಿ ಜೋಡಿ ಜೋಡಿಯಾಗಿಯೇ ಸಾಲಾಗಿ ಜೋಡಿಸಿದೆ. 1-2 ಕಿತ್ತಳೆ, 3-4 ಹಸಿರು, 5-6 ನೀಲಿ, 7-8 ಕಂದು. ನೋಡಲು ಅಚ್ಚುಕಟ್ಟಾಗಿತ್ತು. ಟೆಸ್ಟರಿನ ಒಂದು ಭಾಗ ಕೆಳಗೆ, ಇನ್ನೊಂದು ಭಾಗ ಮೇಲೆ ಚುಚ್ಚಿ ಸ್ವಿಚ್ ಒತ್ತಿದೆ. ಒಂದು, ಎರಡು, ಮೂರು... ಎಂಟೂ ದೀಪ ಸಾಲಾಗಿ ಹಸಿರಾಗಿ ಹತ್ತಿತು. ಮಗ ಕೆಳಗಿಂದ "ಎಂಟೂ ಬಂತು ಅಮ್ಮಾ" ಅಂತ ಕೂಗಿದ. ನಿಜವಾಗಿ ಕಣ್ಣಲ್ಲಿ ನೀರು ಬಂತು.

ಲ್ಯಾಪ್‌ಟಾಪ್ ಚುಚ್ಚಿದೆ. ಲಿಂಕ್ ಸ್ಪೀಡ್ 1000 ಅಂತ ತೋರಿಸಿತು. ಹತ್ತು ಸೆಕೆಂಡಿಗೆ ಹೋಯಿತು. ಮತ್ತೆ ಬಂತು. ಆಮೇಲೆ 100. ಆಮೇಲೆ ಮತ್ತೆ 1000. ಸ್ಪೀಡ್ ಟೆಸ್ಟ್ ಒಂದು ಸಲ 40, ಒಂದು ಸಲ 7. ರೌಟರಿಗೆ, ಅಂದರೆ 192.168.1.1ಕ್ಕೆ, ಪಿಂಗ್ ಹಾಕಿದೆ, ಅಂದರೆ ಚಿಕ್ಕ ಸಂದೇಶ ಕಳಿಸಿ ಉತ್ತರ ಬರುತ್ತದಾ ಅಂತ ನೋಡಿದೆ. ಮನೆಯೊಳಗಿನ ವೈರಿನಲ್ಲಿ ಇದು ಒಂದು ಮಿಲಿಸೆಕೆಂಡಿನೊಳಗೆ ಹೋಗಿ ಬರಬೇಕು, ಒಂದೂ ಕಳೆದುಹೋಗಬಾರದು. 200 ಕಳಿಸಿದರೆ 17 ಬರಲೇ ಇಲ್ಲ. ಪಿಂಗಿನ ಗಾತ್ರ 1400 ಬೈಟಿಗೆ ಏರಿಸಿದರೆ ಇನ್ನೂ ಜಾಸ್ತಿ ಹೋಯಿತು. ಪ್ಲಗ್ ಕತ್ತರಿಸಿ ಹೊಸದು ಹಾಕಿದೆ, ಅದೇ ಕ್ರಮದಲ್ಲಿ. ಎಂಟೂ ದೀಪ ಹತ್ತಿತು. ನೆಟ್ ಸ್ಥಿರವಾಗಿ ನಿಲ್ಲಲಿಲ್ಲ. ಹೀಗೆ ಗುರುವಾರದವರೆಗೆ ಆರು ಪ್ಲಗ್ ಹಾಳಾಯಿತು. ಪೈಪಿನೊಳಗೆ ಕೇಬಲ್ ಕೆಟ್ಟಿದೆ, ಎಲ್ಲ ಕಿತ್ತು ಹೊಸದು ಎಳೆಯಬೇಕು ಅನ್ನುವ ತೀರ್ಮಾನಕ್ಕೆ ಬಂದಿದ್ದೆ.

ಗುರುವಾರ ರಾತ್ರಿ ಅತ್ತೆ ಹೂ ಕಟ್ಟುತ್ತಾ ಕೂತಿದ್ದರು. ಮಾವ ಕತ್ತರಿಸಿದ ಒಂದು ಪ್ಲಗ್ ಎತ್ತಿಕೊಂಡು ದೀಪದ ಕೆಳಗೆ ತಿರುಗಿಸಿ ನೋಡಿದರು.

"ಇದನ್ನ ಯಾವ ಲೆಕ್ಕದಲ್ಲಿ ಜೋಡಿಸಿದೆ?"

"ಕಿತ್ತಳೆ, ಹಸಿರು, ನೀಲಿ, ಕಂದು. ಎರಡೂ ಕಡೆ ಒಂದೇ ಮಾವ."

"ನೀನು ಜೋಡಿಸಿದ್ದು ಸರಿ. ಆ ಯಂತ್ರ ಯಾವ ಪಿನ್ನಿಗೆ ಯಾವ ಪಿನ್ನು ಜೋಡಿ ಅಂದ್ಕೊಂಡಿರುತ್ತೆ? ಅದನ್ನ ನೋಡಿದ್ಯಾ?"

ನೋಡಿರಲಿಲ್ಲ. ಫೋನಿನಲ್ಲಿ ಹುಡುಕಿ ಓದಿ ಹೇಳಿದೆ. 1ಕ್ಕೆ 2 ಜೋಡಿ. 4ಕ್ಕೆ 5. 7ಕ್ಕೆ 8. ಉಳಿದ 3ಕ್ಕೆ 6.

"ಹ್ಞಾ. ಮೂರಕ್ಕೆ ಆರು. ನೀನು ಮೂರರಲ್ಲಿ ಹಸಿರಿಂದು ಹಾಕಿದೀಯ, ಆರರಲ್ಲಿ ನೀಲಿದು. ಜೋಡಿ ಒಡೆದೆಯಲ್ಲಮ್ಮ. ಟೆಲಿಫೋನಿನಲ್ಲಿ ಹೀಗೆ ಮಾಡಿದ್ರೆ ಪಕ್ಕದ ಲೈನಿನ ಮಾತು ನಮ್ಮ ಲೈನಲ್ಲಿ ಕೇಳಿಸ್ತಿತ್ತು. ನಮ್ಮಲ್ಲಿ ಹೊಸ ಹುಡುಗರು ಮಾಡೋ ಮೊದಲನೇ ತಪ್ಪು ಅದು."

ಅವರು ಐಟಿಐಯಲ್ಲಿ ಮೂವತ್ತು ವರ್ಷ ಎಕ್ಸ್‌ಚೇಂಜ್ ಜೋಡಿಸುವ ವಿಭಾಗದಲ್ಲಿದ್ದವರು. 1948ರಲ್ಲಿ ದೇಶಕ್ಕೆ ಟೆಲಿಫೋನ್ ಮಾಡಿಕೊಡಲು ಶುರುವಾದ ಕಾರ್ಖಾನೆ ಅದು, ಆ ಬಡಾವಣೆಗೆ ದೂರವಾಣಿನಗರ ಅಂತಲೇ ಹೆಸರು. ನೀಲಿ, ಕಿತ್ತಳೆ, ಹಸಿರು, ಕಂದು, ಬೂದು ಅಂತ ಬಣ್ಣದ ಕ್ರಮ ಅವರಿಗೆ ಇವತ್ತಿಗೂ ಬಾಯಿಪಾಠ. ನೆಟ್ ಕೇಬಲ್ಲಿನ ನಾಲ್ಕು ಜೋಡಿಯ ಬಣ್ಣ ಅದೇ ಸಾಲಿನ ಮೊದಲ ನಾಲ್ಕು. ಅದನ್ನು ಅವರು ಹೇಳುವ ತನಕ ನಾನು ಇದನ್ನು ಕಂಪ್ಯೂಟರ್ ಕಾಲದ ಹೊಸ ವಸ್ತು ಅಂದುಕೊಂಡಿದ್ದೆ.

ಅತ್ತೆಯ ಪಕ್ಕದಲ್ಲಿದ್ದ ದಾರದ ಉಂಡೆಯಿಂದ ಒಂದು ತುಂಡು ತೆಗೆದು ಹುರಿ ಬಿಡಿಸಿ ತೋರಿಸಿದರು. ಎರಡು ಎಳೆಯನ್ನು ಒಂದಕ್ಕೊಂದು ಹುರಿ ಮಾಡುವುದು ಗಟ್ಟಿ ಇರಲಿ ಅಂತಲ್ಲ. ಹೊರಗಿನ ಗಲಾಟೆ, ಪಕ್ಕದ ಜೋಡಿಯ ಗಲಾಟೆ, ಎರಡೂ ಎಳೆಗೆ ಒಂದೇ ಸಮ ತಗುಲಲಿ ಅಂತ. ಆ ಕಡೆಯ ಯಂತ್ರ ಎರಡು ಎಳೆಯ ನಡುವಿನ ವ್ಯತ್ಯಾಸ ಮಾತ್ರ ನೋಡುತ್ತದೆ. ಎರಡಕ್ಕೂ ಸಮನಾಗಿ ಬಂದ ಗಲಾಟೆ ಕಳೆದುಕೊಂಡು ಸೊನ್ನೆ ಆಗುತ್ತದೆ. ನಾನು ಮಾಡಿದ್ದರಲ್ಲಿ 3 ಮತ್ತು 6 ಬೇರೆ ಬೇರೆ ಹುರಿಯ ಎಳೆಗಳು, 4 ಮತ್ತು 5 ಕೂಡ ಬೇರೆ ಬೇರೆ. ಹಾಗಾಗಿ ಈ ಎರಡು ದಾರಿಯ ಮಾತು ಒಂದರೊಳಗೊಂದು ಉದ್ದಕ್ಕೂ ಸೋರುತ್ತಿತ್ತು. ಒಂದಡಿ ಉದ್ದದ ಕೇಬಲ್ ಆಗಿದ್ದರೆ ಹೇಗೋ ನಡೆಯುತ್ತಿತ್ತೇನೋ. ಇಪ್ಪತ್ತು ಮೀಟರಿಗೆ ನಡೆಯಲಿಲ್ಲ.

ಟೆಸ್ಟರಿಗೆ ಇದು ಕಾಣುವುದಿಲ್ಲ. ಅದು ಕೇಳುವುದು ಒಂದೇ ಪ್ರಶ್ನೆ: ಈ ಕಡೆಯ ಒಂದನೇ ಎಳೆ ಆ ಕಡೆಯ ಒಂದಕ್ಕೆ ಮುಟ್ಟಿದೆಯಾ? ಮುಟ್ಟಿತ್ತು. ಎಂಟೂ ಮುಟ್ಟಿತ್ತು. ಯಾರ ಜೊತೆ ಹುರಿಯಾಗಿ ಬಂದಿದೆ ಅಂತ ಅದು ಕೇಳುವುದೇ ಇಲ್ಲ. ಅದನ್ನು ಅಳೆಯುವ ಯಂತ್ರ ಬೇರೆ ಇದೆ, ಅದರ ಬೆಲೆ ಮನೆ ಬಳಕೆಗೆ ಅಂತ ಕೊಡುವಂಥದ್ದಲ್ಲ. ಮನೆಯಲ್ಲಿ ಮಾಡುವವರು ಬಣ್ಣದ ಕ್ರಮವನ್ನೇ ನಂಬಬೇಕು.

ಆ ಕ್ರಮ ಇದು, ಪ್ಲಗ್ಗಿನ ಕ್ಲಿಪ್ ಕೆಳಗಿರಬೇಕು, ಎಡದಿಂದ ಬಲಕ್ಕೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ನೀಲಿಯನ್ನು ಮಧ್ಯದಲ್ಲಿ ಬಿಟ್ಟು ಎರಡು ಪಕ್ಕ ನಿಲ್ಲುತ್ತದೆ. ಇದಕ್ಕೆ ಟಿ568ಬಿ ಅನ್ನುತ್ತಾರೆ. ಕಿತ್ತಳೆ-ಹಸಿರು ಅದಲುಬದಲು ಮಾಡಿದರೆ ಟಿ568ಎ. ಯಾವುದಾದರೂ ಸರಿ, ಎರಡು ತುದಿಗೂ ಒಂದೇ ಇರಲಿ. ನೀಲಿ ಯಾಕೆ ಮಧ್ಯದಲ್ಲಿ? ಟೆಲಿಫೋನ್ ಪ್ಲಗ್ಗಿನ ಜೋಡಿ ಯಾವಾಗಲೂ ನಟ್ಟನಡುವೆ ಇರುತ್ತದೆ. ಆ ಜಾಗ ಫೋನಿಗೆ ಅಂತ ಮುಟ್ಟದೆ ಬಿಟ್ಟು, ಮುಂದಿನ ಜೋಡಿಯನ್ನು ಅದರ ಆಚೆ-ಈಚೆ ಇಟ್ಟರು. ಕೇಳಿ ಮಾವನಿಗೆ ಬಹಳ ಸಂತೋಷವಾಯಿತು.

ಅಂಗಡಿಯವರ ಮಾತಿನ ಅರ್ಥವೂ ಆಗ ತಿಳಿಯಿತು. ಗೋಡೆಯ ಕೇಬಲ್ಲಿನ ಎಳೆ ಒಂದೇ ಗಟ್ಟಿ ತಂತಿ, ಪದೇ ಪದೇ ಬಾಗಿಸಿದರೆ ಮುರಿಯುತ್ತದೆ. ಪ್ಯಾಚ್ ಕಾರ್ಡಿನ ಎಳೆಯಲ್ಲಿ ಕೂದಲಿನಂಥ ಹಲವು ತಂತಿ ಇರುತ್ತವೆ, ಮೆತ್ತಗೆ ಬಾಗುತ್ತದೆ. ಅದಕ್ಕೇ ಗೋಡೆಯ ಕೇಬಲ್ ಗೋಡೆಯ ಜ್ಯಾಕಿನಲ್ಲೇ ಮುಗಿಯಬೇಕು, ಅಲ್ಲಿಂದ ಲ್ಯಾಪ್‌ಟಾಪಿಗೆ ರೆಡಿಮೇಡ್ ಪ್ಯಾಚ್ ಕಾರ್ಡ್ ಹೋಗಬೇಕು. ಜ್ಯಾಕಿನ ಪಕ್ಕದಲ್ಲಿ ಯಾವ ಸಂದಿಗೆ ಯಾವ ಬಣ್ಣ ಅಂತ ಅಚ್ಚು ಹಾಕಿರುತ್ತಾರೆ, ಎ ಮತ್ತು ಬಿ ಎರಡೂ. ಜೋಡಿ ಒಡೆಯುವ ಸಂಭವವೇ ಕಮ್ಮಿ.

ಶನಿವಾರ ಎರಡು ಜ್ಯಾಕೂ ಕೂರಿಸಿದೆ. ಮಾವ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದರು. ನಾನು ಒಂದು ಜೋಡಿಯ ಹುರಿಯನ್ನು ಎರಡಂಗುಲ ಬಿಡಿಸಿದ್ದೆ, ಕೈ ಹಿಡಿದು ನಿಲ್ಲಿಸಿದರು. ಬಿಡಿಸಿದ ಭಾಗ 13 ಮಿಲಿಮೀಟರ್ ದಾಟಬಾರದು, ಅಂದರೆ ಅರ್ಧ ಇಂಚು. ಅವರು ಹೆಬ್ಬೆರಳ ಉಗುರಿನ ಉದ್ದ ತೋರಿಸಿ "ಇಷ್ಟೇ" ಅಂದರು. ಕತ್ತರಿಸಿ ಮತ್ತೆ ಮಾಡಿದೆ. ಎಳೆಯನ್ನು ಸಂದಿಗೆ ಒತ್ತಿದಾಗ ಟಕ್ ಅಂತ ಸಣ್ಣ ಸದ್ದು ಬರುತ್ತದೆ. ಎಂಟು ಸಲ ಆ ಸದ್ದು ಕೇಳಿ, ಕೆಳಗೆ ಹೋಗಿ ಇನ್ನೆಂಟು ಸಲ.

ಲಿಂಕ್ 1000ಕ್ಕೆ ಬಂತು, ಅಲ್ಲೇ ನಿಂತಿತು. ಸ್ಪೀಡ್ ಟೆಸ್ಟ್ 289. ರಾತ್ರಿಯಿಡೀ 1400 ಬೈಟಿನ ಪಿಂಗ್ ಓಡಲು ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಕಳೆದದ್ದು ಸೊನ್ನೆ.

ಮುಂದಿನ ವಾರ ಒಂದು ಹಳೆಯ ರೌಟರನ್ನು ಮೇಲೆ ಕೂರಿಸಿದೆ, ಮೇಲಿನ ಎರಡು ಮಹಡಿಗೂ ವೈ-ಫೈ ಸಿಗಲಿ ಅಂತ. ಅರ್ಧ ಗಂಟೆಯಲ್ಲಿ ಅತ್ತೆಯ ಫೋನಿನಲ್ಲಿ ನೆಟ್ ಹೋಯಿತು. ಇದು ಬೇಗ ಸಿಕ್ಕಿತು. ಮನೆಯಲ್ಲಿ ವಿಳಾಸ ಹಂಚುವ ರೌಟರ್ ಒಂದೇ ಇರಬೇಕು, ಈಗ ಎರಡು ಹಂಚುತ್ತಿದ್ದವು. ಮೇಲಿನದರ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಕೆಲಸ, ನಿಲ್ಲಿಸಿ, ಅದರ ವಿಳಾಸ 192.168.1.2 ಮಾಡಿ, ಕೇಬಲ್ಲನ್ನು ಹೊರಗಿನ ನೆಟ್ಟಿಗೆ ಇರುವ ವ್ಯಾನ್ ಪೋರ್ಟಿನಿಂದ ಕಿತ್ತು ಮನೆಯೊಳಗಿನ ಯಂತ್ರಗಳಿಗೆ ಇರುವ ಲ್ಯಾನ್ ಪೋರ್ಟಿಗೆ ಹಾಕಿದೆ. ಸರಿಯಾಯಿತು.

ಹಳೆಯ ಬೂದು ಕೇಬಲ್ ಈಗ ಕ್ಯಾಮೆರಾಕ್ಕೆ ಮಾತ್ರ. ಅದಕ್ಕೆ 100 ಬೇಕಾದಷ್ಟಾಯಿತು. ಸಜ್ಜಾ ಕೆಳಗಿನ ಟೇಪ್ ಗಂಟು ತೆಗೆದು ಮುಚ್ಚಳ ಇರುವ ಡಬ್ಬಿಯೊಳಗೆ ಜ್ಯಾಕ್ ಹಾಕಿದ್ದೇನೆ. ಆದರೆ ತಾರಸಿಯ ಗೋಡೆ ಮೇಲೆ ಹೋಗುವ ನಾಲ್ಕು ಮೀಟರ್ ಬಿಸಿಲಿಗೆ ಒಣಗಿ, ಬೆರಳಲ್ಲಿ ಒತ್ತಿದರೆ ತೊಗಲು ಬಿರಿಯುತ್ತದೆ. ಒಳಾಂಗಣದ ಕೇಬಲ್ ಬಿಸಿಲಿಗೆ ತಡೆಯುವುದಿಲ್ಲ. ಹೊರಗೆ ಹಾಕುವ ಕಪ್ಪು ತೊಗಲಿನ ಕೇಬಲ್ ಬೇರೆ ಬರುತ್ತದೆ. ಜೂನ್ ಮಳೆ ಶುರುವಾಗುವ ಮೊದಲು ಇನ್ನೊಂದು ಸಲ ಎಸ್.ಪಿ. ರೋಡಿಗೆ ಹೋಗಬೇಕು. ಈ ಸಲ ಮಾವನೂ ಬರುತ್ತೇನೆ ಅಂದಿದ್ದಾರೆ.